ಆಯ್ಕೆಯೊಂದೇ ಸಾಲದು, ಆರೈಕೆಯೂ ಬೇಕು

ನಷ್ಟವನ್ನು ತಾನಾಗಿಯೇ ಆಹ್ವಾನಿಸುವ ಸಂಸ್ಥೆಗಳು ವ್ಯಾಪಾರ ಜಗತ್ತಿನಲ್ಲಿ ವಿರಳ. ಆದರೆ ಅಮೆರಿಕದ ಫಿಲಡೆಲ್ಫಿಯಾ ನಗರದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವಾದ ಸೆವೆಂಟಿಸಿಕ್ಸರ್ಸ್, 2013ರಿಂದ ಮೂರು ವರ್ಷಗಳ ಕಾಲ ಸೋಲನ್ನೇ ಒಂದು ಕಾರ್ಯನೀತಿಯಾಗಿ ಅಂಗೀಕರಿಸಿತು. 2013–14ರ ಋತುವಿನಲ್ಲಿ 19, 2014–15ರಲ್ಲಿ 18, 2015–16ರಲ್ಲಿ 10, ಹೀಗೆ ಒಟ್ಟು 246 ಪಂದ್ಯಗಳಲ್ಲಿ ಅದು ಗೆದ್ದದ್ದು 47 ಮಾತ್ರ, ಸೋತದ್ದು 199. ಸೋತಷ್ಟೂ ಮರುವರ್ಷ ಪ್ರತಿಭಾವಂತ ಯುವಕರನ್ನು ಮೊದಲಿಗೆ ಆರಿಸಿಕೊಳ್ಳುವ ಅವಕಾಶ ಹೆಚ್ಚುತ್ತದೆ ಎಂಬುದು ಅದರ ಆಡಳಿತದ ಲೆಕ್ಕಾಚಾರವಾಗಿತ್ತು.

2019ರಲ್ಲಿ ಒಕ್ಲಹೋಮಾ ಸಿಟಿಯ ಥಂಡರ್ ತಂಡವೂ ಮೇಲ್ನೋಟಕ್ಕೆ ಇದೇ ಹಾದಿಯನ್ನು ಹಿಡಿಯಿತು. ಪ್ರಸಿದ್ಧ ಆಟಗಾರರನ್ನು ಬಿಟ್ಟುಕೊಟ್ಟು ಭವಿಷ್ಯದ ಆಯ್ಕೆಗಳನ್ನು ಸಂಗ್ರಹಿಸಿತು. ಎರಡು ಋತುಗಳಲ್ಲಿ ಹೀನಾಯವಾಗಿ ಸೋತಿತು. ಆದರೆ ಫಲಿತಾಂಶ ಮಾತ್ರ ಬೇರೆಯಾಯಿತು. ಥಂಡರ್ 2025ರ ಜೂನ್‌ನಲ್ಲಿ ಇಂಡಿಯಾನಾ ಪೇಸರ್ಸ್ ತಂಡವನ್ನು ಏಳು ಪಂದ್ಯಗಳ ಅಂತಿಮ ಸರಣಿಯಲ್ಲಿ ಮಣಿಸಿ ಪ್ರಶಸ್ತಿ ಗೆದ್ದಿತು. ಸೆವೆಂಟಿಸಿಕ್ಸರ್ಸ್ ತಂಡವಾದರೋ ಅಂದಿನವರೆಗೆ, 2001ರ ನಂತರ ಒಮ್ಮೆಯೂ ಪ್ಲೇ ಆಫ್‌ನ ಎರಡನೆಯ ಸುತ್ತನ್ನು ದಾಟಿರಲಿಲ್ಲ. ಒಂದೇ ಮಾರುಕಟ್ಟೆ, ಒಂದೇ ಬಗೆಯ ಕಚ್ಚಾ ಸಾಮಗ್ರಿ. ಹೀಗಿದ್ದೂ ಒಂದು ಕಾರ್ಖಾನೆಯಲ್ಲಿ ಸರಕು ಸಿದ್ಧವಾಯಿತು, ಇನ್ನೊಂದರಲ್ಲಿ ದಾಸ್ತಾನು ಕೊಳೆಯಿತು. ಪ್ರತಿವರ್ಷ ಹೊಸಬರನ್ನು ನೇಮಿಸಿಕೊಳ್ಳುವ ಯಾವುದೇ ಉದ್ಯಮಿ ಈ ವ್ಯತ್ಯಾಸದ ಕಾರಣವನ್ನು ಪರಿಶೀಲಿಸುವುದು ಲಾಭದಾಯಕ.

ಸರದಿ ಆಯ್ಕೆಯ ವ್ಯವಸ್ಥೆ

ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ 30 ತಂಡಗಳಿವೆ. ಕಾಲೇಜುಗಳಿಂದಲೂ ವಿದೇಶಗಳಿಂದಲೂ ಬರುವ ಹೊಸ ಆಟಗಾರರನ್ನು ಈ ತಂಡಗಳು ಬೇಸಿಗೆಯಲ್ಲಿ ನಡೆಯುವ ಡ್ರಾಫ್ಟ್ ಎಂಬ ಸರದಿ ಆಯ್ಕೆಯ ಮೂಲಕ ಪಡೆಯುತ್ತವೆ. ಇಲ್ಲಿ ಅಭ್ಯರ್ಥಿಗೆ ತನ್ನ ಉದ್ಯೋಗದಾತನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಸರದಿ ಬಂದ ತಂಡವು ಹೆಸರು ಕೂಗಿದರೆ ಅಲ್ಲಿಗೇ ಹೋಗಬೇಕು. ದುರ್ಬಲ ತಂಡಗಳಿಗೆ ಮೊದಲ ಸರದಿ ದೊರೆತರೆ ಸ್ಪರ್ಧೆ ಸಮತೋಲನದಲ್ಲಿ ಉಳಿಯುತ್ತದೆ ಎಂಬುದು ವ್ಯವಸ್ಥೆಯ ಮೂಲ ಆಶಯ. ಬೇಕೆಂದೇ ಸೋಲುವವರನ್ನು ತಡೆಯಲು 1985ರಲ್ಲಿ ಲಾಟರಿ ಪದ್ಧತಿಯನ್ನು ತರಲಾಯಿತು. ಆದರೂ 2018ರವರೆಗೆ ಅತ್ಯಂತ ಕಳಪೆ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇಕಡಾ 25ರಷ್ಟಿತ್ತು. ಫಿಲಡೆಲ್ಫಿಯಾದ ಪ್ರಯೋಗದ ತರುವಾಯ, 2017ರಲ್ಲಿ ನಿಯಮವನ್ನು ತಿದ್ದಿ, 2019ರ ಆಯ್ಕೆಯಿಂದ ಕೊನೆಯ ಮೂರೂ ತಂಡಗಳಿಗೆ ಸಮಾನವಾಗಿ ಶೇಕಡಾ 14ರ ಸಾಧ್ಯತೆಯನ್ನು ನಿಗದಿಪಡಿಸಲಾಯಿತು. ಒಂದು ಸಂಸ್ಥೆಯ ಜಾಣತನವು ಇಡೀ ಮಾರುಕಟ್ಟೆಯ ಕಾಯಿದೆಯನ್ನೇ ಬದಲಿಸಿದ ಉದಾಹರಣೆ ಇದು.

ಈ ವ್ಯವಸ್ಥೆಯ ಆರ್ಥಿಕ ತಿರುಳು ಇನ್ನೊಂದಿದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಕರಾರು ನಾಲ್ಕು ವರ್ಷಗಳದ್ದು; ಅದರಲ್ಲಿ ಕೊನೆಯ ಎರಡು ವರ್ಷಗಳನ್ನು ಮುಂದುವರಿಸುವುದು ತಂಡದ ಇಚ್ಛೆಗೆ ಬಿಟ್ಟದ್ದು. ವೇತನವು ಆಯ್ಕೆಯ ಕ್ರಮಾಂಕಕ್ಕೆ ಅನುಗುಣವಾಗಿ ಮೊದಲೇ ನಿಗದಿಯಾಗಿರುತ್ತದೆ. ಹೀಗಾಗಿ ಬೇಗ ಪಕ್ವವಾಗುವ ಯುವಕನು ತನ್ನ ಸಂಬಳಕ್ಕಿಂತ ಅನೇಕ ಪಟ್ಟು ದುಡಿದುಕೊಡುತ್ತಾನೆ. ಆದರೆ ಈ ಲಾಭಕ್ಕೆ ಅವಧಿಯುಂಟು. ನಾಲ್ಕು ವರ್ಷಗಳಲ್ಲಿ ಅವನನ್ನು ತಯಾರು ಮಾಡದ ತಂಡಕ್ಕೆ ಉಳಿಯುವುದು ಖರ್ಚಿನ ಬಾಬ್ತು ಮಾತ್ರ.

ಫಿಲಡೆಲ್ಫಿಯಾದ ದಾಸ್ತಾನು

2013ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾ ತಂಡದ ಜನರಲ್ ಮ್ಯಾನೇಜರ್ ಆಗಿ ನೇಮಕಗೊಂಡ ಸ್ಯಾಮ್ ಹಿಂಕಿ ಅವರ ತರ್ಕವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಬದಿಗೆ ಐವರು ಮಾತ್ರ ಆಡುವುದರಿಂದ ಒಬ್ಬ ಅಸಾಧಾರಣ ಆಟಗಾರನ ಬೆಲೆ ಇತರ ಆಟಗಳಿಗಿಂತ ಹೆಚ್ಚು. ಅಂತಹವರು ಬಹುತೇಕ ಮೊದಲ ಕೆಲವು ಆಯ್ಕೆಗಳಲ್ಲೇ ಹೋಗಿಬಿಡುತ್ತಾರೆ. ಹಿಂದಿನ ಋತುವಿನಲ್ಲಿ 34 ಪಂದ್ಯ ಗೆದ್ದು 48 ಸೋತಿದ್ದ ಆ ತಂಡ ಪ್ರಶಸ್ತಿಗೂ ಸಲ್ಲದ, ಮೊದಲ ಆಯ್ಕೆಗೂ ಎಟುಕದ ಮಧ್ಯಸ್ಥಿತಿಯಲ್ಲಿತ್ತು. ಅದರಿಂದ ಹೊರಬರಲು ತಳಮುಟ್ಟುವುದೇ ದಾರಿ ಎಂದು ಅವರು ನಿರ್ಧರಿಸಿದರು.

ತಪ್ಪು ನಡೆದದ್ದು ತರ್ಕದಲ್ಲಿ ಅಲ್ಲ, ಅದನ್ನು ಕೊನೆಯ ಅಂಚಿನವರೆಗೆ ಎಳೆದುದರಲ್ಲಿ. ಆ ವರ್ಷ ಆಯ್ಕೆಯ ರಾತ್ರಿಯೇ ತಂಡವು ಜ್ರೂ ಹಾಲಿಡೇ ಅವರನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟು, ಮೊಣಕಾಲಿನ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ನರ್ಲೆನ್ಸ್ ನೋಯೆಲ್ ಅವರನ್ನೂ ಮುಂದಿನ ವರ್ಷದ ಒಂದು ಆಯ್ಕೆಯನ್ನೂ ಪಡೆಯಿತು. ಹಾಲಿಡೇ ಅವರಿಗೆ ಆಗ 23 ವರ್ಷ. ಅದೇ ವರ್ಷ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದವರು. ಮುಂದೆ ಅವರು 2021ರಲ್ಲಿ ಮಿಲ್ವಾಕೀ ತಂಡದೊಡನೆಯೂ 2024ರಲ್ಲಿ ಬಾಸ್ಟನ್ ತಂಡದೊಡನೆಯೂ ಪ್ರಶಸ್ತಿ ಗೆದ್ದರು. 2013ರಲ್ಲೇ ಆರಿಸಿದ್ದ ಮೈಕೆಲ್ ಕಾರ್ಟರ್–ವಿಲಿಯಮ್ಸ್ ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿದರು. ಮರುವರ್ಷ, 2015ರ ಫೆಬ್ರವರಿಯಲ್ಲಿ, ಅವರನ್ನೂ ಇನ್ನೊಂದು ಭವಿಷ್ಯದ ಆಯ್ಕೆಗಾಗಿ ವಿನಿಮಯ ಮಾಡಲಾಯಿತು. ತಂಡದಲ್ಲಿದ್ದ ಅನುಭವಿ ತ್ಯಾಡಿಯಸ್ ಯಂಗ್ 2014ರಲ್ಲೇ ಹೊರಟಿದ್ದರು. ಬೆಳೆದ ಪೈರನ್ನೆಲ್ಲ ಮಾರಿ ಬಿತ್ತನೆ ಬೀಜವನ್ನೇ ಕೊಳ್ಳುತ್ತಿದ್ದ ರೈತನ ಸ್ಥಿತಿ ಅದಾಗಿತ್ತು.

ಬೀಜದ ಆಯ್ಕೆಯಲ್ಲಾದರೂ ವಿವೇಚನೆಯಿತ್ತೇ ಎಂದರೆ, ಅದೂ ಪ್ರಶ್ನಾರ್ಹ. 2013ರಲ್ಲಿ ನೋಯೆಲ್, 2014ರಲ್ಲಿ ಮೂರನೆಯ ಆಯ್ಕೆಯಾಗಿ ಜೋಯೆಲ್ ಎಂಬೀಡ್, 2015ರಲ್ಲಿ ಪುನಃ ಮೂರನೆಯ ಆಯ್ಕೆಯಾಗಿ ಜಹ್ಲೀಲ್ ಓಕಾಫರ್ ತಂಡಕ್ಕೆ ಬಂದರು. ಮೂವರೂ ಬುಟ್ಟಿಯ ಬಳಿ ನಿಂತು ಆಡುವ ಸೆಂಟರ್ ಸ್ಥಾನದವರು. ಒಂದೇ ಶೆಡ್ಡಿಗೆ ಮೂರು ವರ್ಷ ಒಂದೇ ಯಂತ್ರವನ್ನು ಖರೀದಿಸಿದಂತಾಯಿತು. ಪ್ರತಿ ಬಾರಿಯೂ ಮಾರುಕಟ್ಟೆಯಲ್ಲಿ ಉಳಿದವರಲ್ಲಿ ಅತಿ ಹೆಚ್ಚು ಬೆಲೆಬಾಳುವವನನ್ನೇ ಆರಿಸಿದ್ದು ಕಾಗದದ ಮೇಲೆ ಸರಿಯಿರಬಹುದು. ಆದರೆ ಅಂಗಣದಲ್ಲಿ ಮೂವರಿಗೂ ಸ್ಥಳವಿರಲಿಲ್ಲ. ಆಡದವನು ಕಲಿಯುವುದಿಲ್ಲ, ಕಲಿಯದವನ ಬೆಲೆ ಇಳಿಯುತ್ತದೆ. 2017ರ ಫೆಬ್ರವರಿಯಲ್ಲಿ ನೋಯೆಲ್ ಅಲ್ಪ ಪ್ರತಿಫಲಕ್ಕೆ ಡಲ್ಲಾಸ್‌ಗೆ ಹೋದರು. ಅದೇ ಡಿಸೆಂಬರ್‌ನಲ್ಲಿ ಓಕಾಫರ್ ಅವರನ್ನು ಬ್ರೂಕ್ಲಿನ್‌ಗೆ ಸಾಗಹಾಕಲು ಇನ್ನೊಬ್ಬ ಆಟಗಾರನನ್ನೂ ಎರಡನೆಯ ಸುತ್ತಿನ ಒಂದು ಆಯ್ಕೆಯನ್ನೂ ಮೇಲುಕಾಣಿಕೆಯಾಗಿ ಸೇರಿಸಬೇಕಾಯಿತು.

ತರಬೇತುದಾರ ಬ್ರೆಟ್ ಬ್ರೌನ್ ಅವರನ್ನು ಈ ಬಗ್ಗೆ ದೂರುವಂತಿಲ್ಲ. ಯುವಕರನ್ನು ತಿದ್ದುವುದರಲ್ಲಿ ಹೆಸರಾದ ಸ್ಯಾನ್ ಆಂಟೋನಿಯೋ ತಂಡದಿಂದ ಬಂದವರು ಅವರು. ಸೋಲಿನ ವರ್ಷಗಳಲ್ಲೂ ತಾಳ್ಮೆಗೆಡಲಿಲ್ಲ. ಆದರೆ ಗುರುವೊಬ್ಬನಿಂದಲೇ ಗರಡಿ ನಡೆಯುವುದಿಲ್ಲ. ಪಟ್ಟು ಹಾಕಿ ತೋರಿಸುವ ಹಿರಿಯ ಪೈಲ್ವಾನರೂ ಬೇಕು. ಪ್ರವಾಸದಲ್ಲಿ ಹೇಗಿರಬೇಕು, ಸೋತ ಮರುದಿನ ಅಭ್ಯಾಸಕ್ಕೆ ಹೇಗೆ ಬರಬೇಕು, ದೇಹವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಹತ್ತೊಂಬತ್ತರ ಹುಡುಗ ಪಕ್ಕದಲ್ಲಿರುವವನನ್ನು ನೋಡಿ ಕಲಿಯುತ್ತಾನೆ. ನೋಡಿ ಕಲಿಯಲು ಅಲ್ಲಿ ಯಾರೂ ಉಳಿದಿರಲಿಲ್ಲ. ಈ ಕೊರತೆ ಆಡಳಿತಕ್ಕೆ ಮನವರಿಕೆಯಾದದ್ದು ಮೂರನೆಯ ಋತುವಿನ ನಡುವೆ. 2015ರ ಡಿಸೆಂಬರ್‌ನಲ್ಲಿ ಅನುಭವಿ ಆಡಳಿತಗಾರ ಜೆರ್ರಿ ಕೊಲಾಂಜಲೋ ಅವರನ್ನು ಮೇಲೆ ತಂದು ಕೂರಿಸಲಾಯಿತು. 2016ರ ಜನವರಿಯಲ್ಲಿ ಹಿರಿಯ ಆಟಗಾರ ಎಲ್ಟನ್ ಬ್ರ್ಯಾಂಡ್ ಅವರನ್ನು ಕರೆತರಲಾಯಿತು. ಏಪ್ರಿಲ್‌ನಲ್ಲಿ ಹಿಂಕಿ 13 ಪುಟಗಳ ಪತ್ರ ಬರೆದು ರಾಜೀನಾಮೆ ಇತ್ತರು.

ಆನಂತರವೂ ಆತುರ ತಗ್ಗಲಿಲ್ಲ. 2017ರಲ್ಲಿ ತಂಡವು ಬಾಸ್ಟನ್‌ಗೆ ತನ್ನ ಮೂರನೆಯ ಆಯ್ಕೆಯ ಜೊತೆಗೆ ಭವಿಷ್ಯದ ಇನ್ನೊಂದು ಆಯ್ಕೆಯನ್ನೂ ಕೊಟ್ಟು ಮೊದಲ ಸ್ಥಾನವನ್ನು ಪಡೆದು, ಮಾರ್ಕೆಲ್ ಫುಲ್ಟ್ಸ್ ಅವರನ್ನು ಆರಿಸಿತು. ಭುಜದ ತೊಂದರೆಯಿಂದ ಆ ಯುವಕನ ಚೆಂಡೆಸೆಯುವ ಕೈಯೇ ಕೆಟ್ಟಿತು. ತೊಂದರೆಯ ಮೂಲ ಕುತ್ತಿಗೆ ಮತ್ತು ಭುಜದ ನಡುವಿನ ನರಗಳ ಒತ್ತಡವೆಂದು ಹೊರಬಿದ್ದದ್ದು 2018ರ ಡಿಸೆಂಬರ್‌ನಲ್ಲಿ. ಒಟ್ಟು 33 ಪಂದ್ಯಗಳನ್ನಾಡಿದ ಅವರನ್ನು 2019ರ ಫೆಬ್ರವರಿಯಲ್ಲಿ ಒರ್ಲ್ಯಾಂಡೋಗೆ ಕಳುಹಿಸಲಾಯಿತು. ಇತ್ತ ಬಾಸ್ಟನ್ ಮೂರನೆಯ ಸ್ಥಾನದಲ್ಲಿ ಆರಿಸಿದ ಜೇಸನ್ ಟೇಟಮ್ 2024ರಲ್ಲಿ ಆ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟವರಲ್ಲಿ ಪ್ರಮುಖರಾದರು.

ಒಕ್ಲಹೋಮಾದ ಕಾರ್ಯಾಗಾರ

2019ರ ಜುಲೈನಲ್ಲಿ ಥಂಡರ್ ತಂಡದ ಮುಖ್ಯಸ್ಥ ಸ್ಯಾಮ್ ಪ್ರೆಸ್ಟಿ, ತಾರಾ ಆಟಗಾರ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲಿಸ್ ಕ್ಲಿಪ್ಪರ್ಸ್‌ಗೆ ಬಿಟ್ಟುಕೊಟ್ಟರು. ಪ್ರತಿಯಾಗಿ ಮೊದಲ ಸುತ್ತಿನ ಐದು ಆಯ್ಕೆಗಳು ದೊರೆತದ್ದು ದೊಡ್ಡ ಸುದ್ದಿಯಾಯಿತು. ಜೊತೆಯಲ್ಲಿ ಬಂದ ಶೇಯ್ ಗಿಲ್ಜಸ್–ಅಲೆಕ್ಸಾಂಡರ್ ಎಂಬ ಯುವಕನ ಹೆಸರು ಆಗ ಅಷ್ಟೇನೂ ಪ್ರಸಿದ್ಧವಾಗಿರಲಿಲ್ಲ. 2018ರಲ್ಲಿ ಅವರು ಹನ್ನೊಂದನೆಯ ಆಯ್ಕೆಯಾಗಿದ್ದವರು. ಒಕ್ಲಹೋಮಾದ ಮೊದಲ ಋತುವಿನಲ್ಲಿ ಅವರ ಪಕ್ಕದಲ್ಲಿ ಆಡಿದವರು ಅಂಗಣದ ಮಹಾ ಪಂಡಿತರೆನಿಸಿದ ಕ್ರಿಸ್ ಪಾಲ್. ಕಟ್ಟಡ ಕೆಡವುವ ಮುನ್ನ ಆ ಒಂದು ವರ್ಷ ತಂಡ 44 ಪಂದ್ಯಗಳನ್ನು ಗೆದ್ದು, 28ರಲ್ಲಿ ಸೋತು, ಪ್ಲೇ ಆಫ್ ಪ್ರವೇಶಿಸಿತು. ಯುವಕನಿಗೆ ಆ ವರ್ಷ ದೊರೆತ ಪಾಠ ಯಾವ ಶಿಬಿರದಲ್ಲೂ ದೊರೆಯುವಂತಹುದಲ್ಲ.

ಮುಂದಿನ ಎರಡು ಋತುಗಳಲ್ಲಿ ಥಂಡರ್ 22 ಮತ್ತು 24 ಪಂದ್ಯಗಳನ್ನಷ್ಟೇ ಗೆದ್ದಿತು. 2021ರ ಡಿಸೆಂಬರ್ 2ರಂದು ಮೆಂಫಿಸ್ ವಿರುದ್ಧ 73 ಅಂಕಗಳ ಅಂತರದಿಂದ ಸೋತದ್ದು ಲೀಗ್‌ನ ಚರಿತ್ರೆಯಲ್ಲೇ ದಾಖಲೆ. ಇಲ್ಲಿಯೂ ಉದ್ದೇಶಪೂರ್ವಕ ಸೋಲಿನ ಛಾಯೆ ಇರಲಿಲ್ಲವೆನ್ನಲಾಗದು. 2021ರ ಮಾರ್ಚ್‌ನಲ್ಲಿ ಆರೋಗ್ಯವಾಗಿದ್ದ ಹಿರಿಯ ಆಟಗಾರ ಆಲ್ ಹಾರ್ಫರ್ಡ್ ಅವರನ್ನು ಋತುವಿನ ಉಳಿದ ಪಂದ್ಯಗಳಿಂದ ಹೊರಗಿಡಲಾಯಿತು. ಆದರೆ ಮುಖ್ಯವಾದ ಒಂದು ಕೆಲಸವನ್ನು ಪ್ರೆಸ್ಟಿ ಮಾಡಲಿಲ್ಲ. ಕೈಗೆ ಬಂದ ಪ್ರತಿಭೆಯನ್ನು ಇನ್ನಷ್ಟು ಆಯ್ಕೆಗಳಿಗಾಗಿ ಮಾರಲಿಲ್ಲ. 2021ರ ಆಗಸ್ಟ್‌ನಲ್ಲಿ ಗಿಲ್ಜಸ್–ಅಲೆಕ್ಸಾಂಡರ್ ಅವರೊಂದಿಗೆ ಐದು ವರ್ಷಗಳ ಹೊಸ ಕರಾರಾಯಿತು. ಆಗ ಅವರಿಗೂ 23 ವರ್ಷ. ಅದೇ ವಯಸ್ಸಿನ ತನ್ನ ಅತ್ಯುತ್ತಮ ಆಟಗಾರನನ್ನು ಫಿಲಡೆಲ್ಫಿಯಾ ಮಾರಿತ್ತು, ಒಕ್ಲಹೋಮಾ ಉಳಿಸಿಕೊಂಡಿತು. ಎರಡು ಚರಿತ್ರೆಗಳು ಕವಲೊಡೆಯುವುದು ಇಲ್ಲಿಯೇ. ಮೂರನೆಯ ಋತುವಿನಲ್ಲಿ ಫಿಲಡೆಲ್ಫಿಯಾ 10 ಪಂದ್ಯ ಗೆದ್ದಿದ್ದರೆ, ಒಕ್ಲಹೋಮಾ 40 ಗೆದ್ದಿತು; ನಂತರ 57, ಅದಾದ ಮೇಲೆ 68.

ತರಬೇತಿಯ ಏರ್ಪಾಡು ಹೇಗಿತ್ತೆಂಬುದು ಇನ್ನೂ ಗಮನಾರ್ಹ. 2020ರಲ್ಲಿ ಮುಖ್ಯ ತರಬೇತುದಾರರಾದ ಮಾರ್ಕ್ ಡಾಗ್ನಾಲ್ಟ್, ಅದಕ್ಕೆ ಮೊದಲು ಐದು ವರ್ಷ ಸಂಸ್ಥೆಯದೇ ಕಿರಿಯ ತಂಡವಾದ ಒಕ್ಲಹೋಮಾ ಸಿಟಿ ಬ್ಲೂ ತಂಡವನ್ನು ನಡೆಸಿದ್ದವರು. ಮೇಸ್ತ್ರಿಯೇ ಮ್ಯಾನೇಜರ್ ಆದಂತಾಯಿತು. 2019ರಲ್ಲಿ ಯಾರೂ ಆರಿಸದೆ ಬಿಟ್ಟ ಲೂಗೆಂಟ್ಸ್ ಡಾರ್ಟ್ ಈ ಕಿರಿಯ ತಂಡದ ಹಾದಿಯಿಂದಲೇ ಬಂದು, ಚಾಂಪಿಯನ್ ತಂಡದ ಐವರಲ್ಲಿ ಒಬ್ಬರಾದರು. ಅಲೆಕ್ಸ್ ಕರುಸೋ 2016–17ರಲ್ಲಿ ಇದೇ ಬ್ಲೂ ತಂಡದಲ್ಲಿ ಪಳಗಿ ಹೊರಗೆ ಹೋಗಿದ್ದವರು. 2024ರಲ್ಲಿ ಅವರನ್ನು ಮರಳಿ ಪಡೆಯಲು, 2021ರ ಆರನೆಯ ಆಯ್ಕೆಯಾದ ಜಾಶ್ ಗಿಡ್ಡಿ ಅವರನ್ನು ಬಿಟ್ಟುಕೊಡಲಾಯಿತು. ತನ್ನದೇ ಆಯ್ಕೆಯೆಂಬ ಮಮಕಾರಕ್ಕಿಂತ ತಂಡದ ಅಗತ್ಯವೇ ಮೇಲಾಯಿತು. 2022ರ ಎರಡನೆಯ ಆಯ್ಕೆ ಚೆಟ್ ಹೋಮ್‌ಗ್ರೆನ್ ಪಾದದ ಗಾಯದಿಂದ ಮೊದಲ ಋತುವನ್ನೇ ಕಳೆದುಕೊಂಡರು. ಅವಸರಿಸದೆ ಕಾದ ತಂಡಕ್ಕೆ ಮರುವರ್ಷ 82 ಪಂದ್ಯಗಳಲ್ಲೂ ಆಡಿಕೊಟ್ಟರು. ಅದೇ ವರ್ಷ ಹನ್ನೆರಡನೆಯ ಆಯ್ಕೆಯಾದ ಜೇಲನ್ ವಿಲಿಯಮ್ಸ್ 2025ರ ಅಂತಿಮ ಸರಣಿಯ ಐದನೆಯ ಪಂದ್ಯದಲ್ಲಿ 40 ಅಂಕ ಗಳಿಸಿದರು.

ಐಸೇಯಾ ಜೋ ಅವರ ವೃತ್ತಾಂತ ಇವೆಲ್ಲಕ್ಕಿಂತ ಬೋಧಪ್ರದ. 2020ರಲ್ಲಿ 49ನೆಯ ಆಯ್ಕೆಯಾಗಿ ಅವರನ್ನು ಪಡೆದದ್ದು ಫಿಲಡೆಲ್ಫಿಯಾ. 2022ರ ಅಕ್ಟೋಬರ್‌ನಲ್ಲಿ ಆ ತಂಡ ಅವರನ್ನು ಕೈಬಿಟ್ಟಿತು. ಕೆಲವೇ ದಿನಗಳಲ್ಲಿ ಒಕ್ಲಹೋಮಾ ಕರೆದುಕೊಂಡಿತು. ದೂರದಿಂದ ಗುರಿಯಿಟ್ಟು ಚೆಂಡೆಸೆಯುವುದೊಂದೇ ಕೆಲಸವೆಂದು ಸ್ಪಷ್ಟವಾಗಿ ವಹಿಸಿಕೊಟ್ಟಾಗ, ಅವರು ಪ್ರಶಸ್ತಿ ಗೆದ್ದ ತಂಡದ ಉಪಯುಕ್ತ ಸದಸ್ಯರಾದರು. ಆಟಗಾರ ಅವನೇ, ಬದಲಾದದ್ದು ಅವನನ್ನು ಬರಮಾಡಿಕೊಂಡ ಮನೆ.

ಅದೃಷ್ಟದ ಪಾಲು

ಇಷ್ಟಾಗಿಯೂ ಎಲ್ಲವನ್ನೂ ತರಬೇತಿಯ ಖಾತೆಗೇ ಜಮಾ ಮಾಡುವುದು ನ್ಯಾಯವಲ್ಲ. ಅದೃಷ್ಟದ ಪಾಲು ದೊಡ್ಡದು. ಎಂಬೀಡ್ ಅವರ ಪಾದದ ಮೂಳೆ ಎರಡು ಋತುಗಳನ್ನು ನುಂಗದಿದ್ದರೆ, 2016ರ ಮೊದಲ ಆಯ್ಕೆ ಬೆನ್ ಸಿಮನ್ಸ್ ಕೂಡ ಪಾದದ ಗಾಯದಿಂದ ಒಂದು ವರ್ಷ ಕೂರದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಹಿಂಕಿ ಅವರ ಬೆಂಬಲಿಗರು ಹೇಳುವ ಮಾತಿನಲ್ಲೂ ಹುರುಳಿದೆ: ಬಿತ್ತಿದವನನ್ನು ಕೊಯ್ಲಿಗೆ ಮುಂಚೆಯೇ ಹೊರಗಟ್ಟಲಾಯಿತು. 2017–18ರಲ್ಲಿ ತಂಡ 52 ಪಂದ್ಯ ಗೆದ್ದದ್ದೂ, 2022–23ರಲ್ಲಿ ಎಂಬೀಡ್ ಲೀಗ್‌ನ ಅತ್ಯಮೂಲ್ಯ ಆಟಗಾರರಾದದ್ದೂ ಆ ಬಿತ್ತನೆಯ ಫಲವೇ. ಒಕ್ಲಹೋಮಾ ಕೂಡ ಗಿಲ್ಜಸ್–ಅಲೆಕ್ಸಾಂಡರ್ ಅವರನ್ನು ತಾನೇ ಆರಿಸಲಿಲ್ಲ. ಒಂದು ವರ್ಷ ಪಳಗಿದ್ದವರು ವಿನಿಮಯದಲ್ಲಿ ದೊರೆತರು.

ಆದರೆ ಅದೃಷ್ಟದ ವಾದಕ್ಕೆ ಉತ್ತರ ಫಿಲಡೆಲ್ಫಿಯಾದಲ್ಲೇ ಇದೆ. ಸೋಲಿನ ವರ್ಷಗಳಲ್ಲಿ ಮೂರನೆಯ ಸ್ಥಾನದಲ್ಲಿ ಬಂದವನೂ ಬಾಡಿದ ಅದೇ ತಂಡದಲ್ಲಿ, 2020ರಲ್ಲಿ 21ನೆಯ ಆಯ್ಕೆಯಾಗಿ ಬಂದ ಟೈರೀಸ್ ಮ್ಯಾಕ್ಸಿ ಚಿಗುರಿದರು. ಅವರು ಬಂದಾಗ ತಂಡ ಬಲಿಷ್ಠವಾಗಿತ್ತು; 2020–21ರಲ್ಲಿ 49 ಪಂದ್ಯ ಗೆದ್ದು ತನ್ನ ವಿಭಾಗದ ಅಗ್ರಸ್ಥಾನದಲ್ಲಿತ್ತು. ಮೊದಲ ವರ್ಷ ಹೆಚ್ಚಾಗಿ ಬೆಂಚಿನಿಂದೆದ್ದು ಬಂದು ಆಡಿದ ಅವರಿಗೆ ತಂಡವನ್ನು ಉದ್ಧರಿಸುವ ಭಾರವಿರಲಿಲ್ಲ. ಮೆಲ್ಲಗೆ ಜವಾಬ್ದಾರಿ ಹೆಚ್ಚಿತು; 2024ರಲ್ಲಿ ಆಲ್‌ಸ್ಟಾರ್ ಆದರು, ಅತಿ ಹೆಚ್ಚು ಸುಧಾರಿಸಿದ ಆಟಗಾರನೆಂಬ ಪುರಸ್ಕಾರವನ್ನೂ ಪಡೆದರು. ಆಯ್ಕೆಯ ಕ್ರಮಾಂಕಕ್ಕಿಂತ ನೆಲದ ಹದ ಮುಖ್ಯವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಲೆಕ್ಕಪತ್ರಕ್ಕೆ ಬಾರದ ವೆಚ್ಚ

ಯೋಜಿತ ಸೋಲಿನ ವೆಚ್ಚ ಜಮಾಖರ್ಚಿನಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಹಣ ತೆತ್ತು ಟಿಕೆಟ್ ಕೊಂಡ ಪ್ರೇಕ್ಷಕನಿಗೆ ದೊರೆಯಬೇಕಾದುದು ಗೆಲುವಲ್ಲದಿದ್ದರೂ ಗೆಲ್ಲುವ ಪ್ರಾಮಾಣಿಕ ಪ್ರಯತ್ನ. ಆಡಳಿತವೇ ಗೆಲುವನ್ನು ಬಯಸದಿದ್ದಾಗ ಗ್ರಾಹಕನಿಗೆ ಮಾರಿದ ಸರಕು ಯಾವುದು? ಅದಕ್ಕಿಂತ ದೊಡ್ಡ ವೆಚ್ಚವನ್ನು ಭರಿಸಿದವರು ಆ ಯುವಕರು. ನಿಯಮದಂತೆ 19 ತುಂಬುತ್ತಲೇ ಲೀಗ್ ಪ್ರವೇಶಿಸಬಹುದಾದ ಇವರು, ಅಲ್ಲಿಯವರೆಗೆ ಎಲ್ಲೆಲ್ಲೂ ಗೆದ್ದು ಬಂದವರು. ಸತತವಾಗಿ 26 ಪಂದ್ಯ ಸೋತ ಕೊಠಡಿಯಲ್ಲಿ ವೃತ್ತಿಯ ಮೊದಲ ಪಾಠ ಕಲಿತವನಿಗೆ ಸೋಲು ಅಭ್ಯಾಸವಾಗಿಬಿಡುವ ಅಪಾಯವಿದೆ. ಆಡಳಿತಕ್ಕೆ ಅದು ತಾತ್ಕಾಲಿಕ ಹಂತವಾಗಿರಬಹುದು. ಯುವಕನಿಗೆ ಅದು ವೃತ್ತಿಜೀವನದ ಅಡಿಪಾಯ.

ಭಾರತಕ್ಕೂ ಈ ವಿಷಯದ ಒಂದು ನೆನಪಿದೆ. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ 52ನೆಯ ಆಯ್ಕೆಯಾಗಿ ಪಡೆದಾಗ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯನೆಂದು ದೇಶ ಸಂಭ್ರಮಿಸಿತು. ಎರಡು ಋತುಗಳನ್ನು ಅವರು ಕಿರಿಯರ ಲೀಗ್‌ನಲ್ಲಿ ಕಳೆದರು. ಮುಖ್ಯ ಲೀಗ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಆಯ್ಕೆಯ ದಿನ ಸುದ್ದಿಯಾಗುತ್ತದೆ, ಬೆಳವಣಿಗೆಯ ದಿನಗಳು ಸುದ್ದಿಯಾಗುವುದಿಲ್ಲ.

ಉದ್ಯಮಿಗಳು ಮನಗಾಣಬೇಕಾದುದು

ಕಾಲೇಜು ಆವರಣಗಳಲ್ಲಿ ಸಂದರ್ಶನ ನಡೆಸಿ ಅತ್ಯುತ್ತಮರನ್ನು ಮೊದಲ ದಿನವೇ ಹಿಡಿಯುವ ಪೈಪೋಟಿ ಉದ್ಯಮಗಳಲ್ಲೂ ಇದೆ. ಖರ್ಚು ತಗ್ಗಿಸಲು ಹಳಬರನ್ನು ಕಳುಹಿಸಿ, ಅವರ ಜಾಗದಲ್ಲಿ ಕಡಿಮೆ ಸಂಬಳದ ಹೊಸಬರನ್ನು ತುಂಬುವ ಪ್ರಲೋಭನೆಯೂ ಇದೆ. ಇಪ್ಪತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತ ಕುಶಲಕರ್ಮಿಯನ್ನು ಬಿಡಿಸಿ ಇಬ್ಬರು ಡಿಪ್ಲೊಮಾ ಹುಡುಗರನ್ನು ತಂದರೆ ವೇತನಪಟ್ಟಿ ಹಗುರವಾಗುತ್ತದೆ; ಆದರೆ ಆ ಇಬ್ಬರಿಗೆ ಯಂತ್ರದ ಸದ್ದಿನಲ್ಲೇ ದೋಷ ಗುರುತಿಸುವುದನ್ನು ಕಲಿಸುವವರಾರು?

ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ಮಾದರಿಗಳಿಲ್ಲದಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಉತ್ಪಾದನೆ ಹಾಗೂ ಕಲಿಕೆ ಒಂದೇ ಸೂರಿನಡಿ ನಡೆಯುತ್ತವೆ. ಬಿಡದಿಯಲ್ಲಿ 2007ರಲ್ಲಿ ಸ್ಥಾಪನೆಯಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯು ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಬಡ ಕುಟುಂಬಗಳ ಮಕ್ಕಳನ್ನು ಆರಿಸಿ ಮೂರು ವರ್ಷ ವಸತಿಸಹಿತವಾಗಿ ತಿದ್ದುತ್ತದೆ. ಇಂತಹ ಸ್ವಂತ ಕೇಂದ್ರವನ್ನು ಸಣ್ಣ ಉದ್ಯಮಗಳು ಕಟ್ಟಲಾರವು, ನಿಜ. ಆದರೆ ಹೊಸಬನೊಬ್ಬನನ್ನು ನೇಮಿಸುವ ಮುನ್ನ, ಅವನು ಯಾರ ಪಕ್ಕದಲ್ಲಿ ನಿಂತು ಕೆಲಸ ಕಲಿಯುತ್ತಾನೆ, ಮೊದಲ ವರ್ಷ ಅವನಿಗೆ ವಹಿಸುವ ನಿರ್ದಿಷ್ಟ ಕೆಲಸ ಯಾವುದು, ಅವನು ಎಡವಿದಾಗ ಎಷ್ಟು ಕಾಲ ಕಾಯಲು ಸಂಸ್ಥೆ ಸಿದ್ಧವಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಲು ಬಂಡವಾಳ ಬೇಕಿಲ್ಲ.

ಫಿಲಡೆಲ್ಫಿಯಾದ ಆಡಳಿತ ಪ್ರತಿಭೆಯನ್ನು ಗುರುತಿಸಲಾರದೆ ಸೋತದ್ದಲ್ಲ. ಎಂಬೀಡ್ ಅವರನ್ನು ಗುರುತಿಸಿದ್ದು ಅದೇ ಆಡಳಿತ. ಪ್ರತಿಭೆ ಬಂದು ಕೂರಬೇಕಾದ ಮನೆಯ ಗೋಡೆಗಳನ್ನೇ ಮಾರಿದ್ದರಿಂದ ಸೋತಿತು. ಸಸಿಯನ್ನು ತರುವ ಮುನ್ನ ಪಾತಿ ಮಾಡಿ, ನೀರಿನ ಆಸರೆ ನೋಡಿಕೊಳ್ಳುವುದು ಈ ನಾಡಿನ ತೋಟಗಾರನಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮನುಷ್ಯರನ್ನು ನೇಮಿಸುವಾಗ ಮಾತ್ರ ಅದನ್ನು ಮರೆಯುವುದು ದುಬಾರಿಯಾದೀತು.